ಐದು ವರ್ಷದ ಬೇಲಿ

"ರೆಫರೆನ್ಸ್ ಎಲ್ಲ ಕಳೆದ ಐದು ವರ್ಷದ್ದೇ ಇರಲಿ. ತೀರಾ ಅನಿವಾರ್ಯ ಅಂದ್ರೆ ಹತ್ತು." ಕಮ್ಯುನಿಟಿ ಮೆಡಿಸಿನ್‌ನಲ್ಲಿ ಎಂ.ಡಿ. ಮಾಡುತ್ತಿರುವವರನ್ನೋ ಎಂ.ಪಿ.ಎಚ್. ಓದುತ್ತಿರುವವರನ್ನೋ ಕೇಳಿ ನೋಡಿ, ಸಿನಾಪ್ಸಿಸ್ ಬರೆಯಲು ಕೂತಾಗ ಅವರ ಕಿವಿಗೆ ಬಿದ್ದ ಮೊದಲ ಉಪದೇಶ ಇದೇ ಆಗಿರುತ್ತದೆ. ಎಲ್ಲಿ ಹುಡುಕಲಿ ಎಂದರೆ ಉತ್ತರ ಇನ್ನೂ ಚಿಕ್ಕದು: ಪಬ್‌ಮೆಡ್ ನೋಡಿ, ಗೂಗಲ್ ಸ್ಕಾಲರ್ ನೋಡಿ, ಸಾಕು. ಏನನ್ನು ಹುಡುಕಲಿ ಎಂದು ವಿದ್ಯಾರ್ಥಿ ಕೇಳುವುದಿಲ್ಲ, ಗೈಡ್ ಹೇಳುವುದೂ ಇಲ್ಲ. ಪಬ್‌ಮೆಡ್‌ನ ಎಡಬದಿಯಲ್ಲಿ ‘ಐದು ವರ್ಷ’ ಎಂಬ ಆಯ್ಕೆಯೊಂದಿದೆ. ಅದರ ಮೇಲೆ ಒತ್ತಿದರೆ ಸಾವಿರಗಟ್ಟಲೆ ಇದ್ದ ಲೇಖನಗಳು ನೂರಿನ ಲೆಕ್ಕಕ್ಕೆ ಇಳಿಯುತ್ತವೆ. ಮನಸ್ಸಿಗೂ ಹಗುರ.

ಈ ನಿಯಮವನ್ನು ಬರೆದಿಟ್ಟವರಿಗಿಂತ ಬಾಯಿಂದ ಬಾಯಿಗೆ ದಾಟಿಸಿದವರೇ ಹೆಚ್ಚು. ಹಾಗಾಗಿ ಇದರ ತಳ ಕೆದಕಿದವರು ಕಡಿಮೆ. ನನಗಂತೂ ಸಾರ್ವಜನಿಕ ಆರೋಗ್ಯದ ಮಟ್ಟಿಗೆ ಇದು ಕೇಡಿನ ನಿಯಮವಾಗಿಯೇ ಕಾಣುತ್ತದೆ. ಸೋಮಾರಿಗೆ ಅನುಕೂಲ ಮಾಡಿಕೊಟ್ಟಿದೆ ಎಂಬುದು ನನ್ನ ದೊಡ್ಡ ದೂರಲ್ಲ. ಶ್ರದ್ಧೆಯಿಂದ ದುಡಿಯುವ ಹುಡುಗ ಹುಡುಗಿಯರಿಂದಲೂ ಇದು ಸುಳ್ಳು ಬರೆಸುತ್ತಿದೆ. "ಈ ವಿಷಯದ ಮೇಲೆ ಕರ್ನಾಟಕದಲ್ಲಿ ಅಧ್ಯಯನಗಳು ವಿರಳ" ಎಂಬ ವಾಕ್ಯ ಇಲ್ಲದ ಡಿಸರ್ಟೇಶನ್ ಸಿಗುವುದೇ ಕಷ್ಟ. ಎಷ್ಟೋ ಸಲ ವಿರಳವಾಗಿದ್ದದ್ದು ಅಧ್ಯಯನವಲ್ಲ, ಹುಡುಕಾಟ.

ಕ್ಷಯವನ್ನೇ ತೆಗೆದುಕೊಳ್ಳಿ. ಕ್ಷಯದ ಲಕ್ಷಣಗಳ ಬಗ್ಗೆ ಜನರಿಗೆ ಎಷ್ಟು ತಿಳಿದಿದೆ, ತಿಳಿದೂ ಯಾಕೆ ತಡವಾಗಿ ಬರುತ್ತಾರೆ ಎಂಬ ಪ್ರಶ್ನೆ ಹಿಡಿದು ಒಂದಲ್ಲ ಒಂದು ಕಾಲೇಜಿನಲ್ಲಿ ಪ್ರತಿವರ್ಷ ಪ್ರಶ್ನಾವಳಿ ತಯಾರಾಗುತ್ತದೆ. ಇಪ್ಪತ್ತು ಪ್ರಶ್ನೆ, ಸರಿಯುತ್ತರಕ್ಕೊಂದು ಅಂಕ, ಕೊನೆಗೆ "ಅರಿವು ಸಾಲದು, ಆರೋಗ್ಯ ಶಿಕ್ಷಣ ಹೆಚ್ಚಬೇಕು" ಎಂಬ ಷರಾ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅದರ ಮೊದಲ ದಿನಗಳ ಕೆಲಸಗಳಲ್ಲಿ ಒಂದು ತುಮಕೂರು ಜಿಲ್ಲೆಯದು. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅಲ್ಲಿನ ಹಳ್ಳಿಗಳಲ್ಲಿ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬರೆದರು. ಹಳ್ಳಿಯವರಿಗೆ ಕಾಯಿಲೆಯ ಪರಿವೆ ಇಲ್ಲ, ಆದ್ದರಿಂದ ಮನೆಮನೆಗೆ ಹೋಗಿ ಎಕ್ಸ್‌ರೇ ತೆಗೆದು ರೋಗಿಯನ್ನು ಹಿಡಿಯಬೇಕು ಎಂಬುದು ಆಗಿನ ತಜ್ಞರ ನಂಬಿಕೆಯಾಗಿತ್ತು. ಇವರಿಗೆ ಕಂಡದ್ದು ಬೇರೆ. ಕಫದಲ್ಲಿ ರೋಗಾಣು ಇದ್ದವರಲ್ಲಿ ಬಹುಪಾಲು ಜನಕ್ಕೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಎಂಬುದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಅದಾಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿಯೂ ಆಗಿತ್ತು. ಹೋದ ಕಡೆ ಅವರ ಕೈಗೆ ಸಿಕ್ಕಿದ್ದು ಕೆಮ್ಮಿನ ಔಷಧಿ. ಜನರ ಅಜ್ಞಾನ ಎಂದುಕೊಂಡದ್ದು ಆಸ್ಪತ್ರೆಯ ಅಲಕ್ಷ್ಯವಾಗಿತ್ತು. ತಾನಾಗಿ ಆಸ್ಪತ್ರೆಗೆ ಬಂದವರ ಕಫ ಪರೀಕ್ಷೆ ಮಾಡಿದರೂ ಸಾಕಷ್ಟು ರೋಗಿಗಳು ಸಿಗುತ್ತಾರೆ ಎಂಬ ತರ್ಕದ ಮೇಲೆ ಮುಂದೆ ಇಡೀ ದೇಶದ ಕ್ಷಯ ಕಾರ್ಯಕ್ರಮ ನಿಂತಿತು.

ಇದನ್ನು ಓದಿದ ವಿದ್ಯಾರ್ಥಿ ಮತ್ತೊಂದು ಅರಿವಿನ ಪ್ರಶ್ನಾವಳಿ ಮಾಡಲಾರ. ಕೆಮ್ಮೆಂದು ಬಂದವನನ್ನು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ ಇವತ್ತು ಏನು ಮಾಡಿ ಕಳಿಸುತ್ತದೆ, ಕಫ ಪರೀಕ್ಷೆಗೆ ಬರೆಯುವ ಮುಂಚೆ ಎಷ್ಟು ಬಾಟಲಿ ಸಿರಪ್ ಕೊಡುತ್ತದೆ ಎಂದು ಕೇಳುತ್ತಾನೆ. ಆ ಲೇಖನವೇನು ಯಾವುದೋ ನೆಲಮಾಳಿಗೆಯಲ್ಲಿ ಬಿದ್ದಿಲ್ಲ. ಬುಲೆಟಿನ್‌ನ ಹಳೆಯ ಸಂಚಿಕೆಗಳು ಸ್ಕ್ಯಾನ್ ಆಗಿ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ವಿದ್ಯಾರ್ಥಿಗೂ ಅದಕ್ಕೂ ನಡುವೆ ಇರುವುದು ಐದು ವರ್ಷದ ಬೇಲಿಯೊಂದೇ.

ಅದೇ ಕ್ಷಯರೋಗ ಸಂಸ್ಥೆಯ ಇನ್ನೊಂದು ಕೆಲಸವಂತೂ ಮತ್ತೆ ಯಾರಿಂದಲೂ ಆಗುವಂಥದ್ದಲ್ಲ. 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು ಅವರು ಮತ್ತೆ ಮತ್ತೆ ಸುತ್ತಿದರು. ಅಲ್ಲಿಗೆ ಸಂಘಟಿತ ಚಿಕಿತ್ಸಾ ಕಾರ್ಯಕ್ರಮ ಇನ್ನೂ ಬಂದಿರಲಿಲ್ಲ. ಐದು ವರ್ಷ ಕಳೆಯುವಷ್ಟರಲ್ಲಿ ಮೊದಲು ಪತ್ತೆಯಾದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಸತ್ತಿದ್ದರು, ಮೂರರಲ್ಲೊಬ್ಬರು ತಾವಾಗಿಯೇ ಗುಣವಾಗಿದ್ದರು, ಉಳಿದವರು ಇನ್ನೂ ರೋಗಾಣು ಉಗುಳುತ್ತಿದ್ದರು. 1974ರಲ್ಲಿ ಇದು ಪ್ರಕಟವಾಯಿತು. ಚಿಕಿತ್ಸೆ ಇಲ್ಲದ ಕ್ಷಯ ತನ್ನ ಪಾಡಿಗೆ ಹೇಗೆ ಸಾಗುತ್ತದೆ ಎಂಬುದನ್ನು ಇಂದು ಹೊಸದಾಗಿ ಅಳೆಯಬೇಕೆಂದು ಹೊರಟರೆ ಯಾವ ಎಥಿಕ್ಸ್ ಕಮಿಟಿಯೂ ಕಡತ ತೆರೆದು ನೋಡುವುದಿಲ್ಲ, ನೋಡಲೂ ಕೂಡದು. ಅಂದರೆ ಈ ವಿಷಯದಲ್ಲಿ ಹೊಸ ರೆಫರೆನ್ಸ್ ಎಂಬುದು ಹುಟ್ಟುವುದೇ ಇಲ್ಲ. ಹುಟ್ಟಿದರೂ ಅದು ಈ ಹಳೆಯ ಅಂಕಿಗಳನ್ನು ಮತ್ತೆ ಕೂಡಿಸಿ ಕಳೆದದ್ದಾಗಿರುತ್ತದೆ. ಹಾಗೆ ಕೂಡಿಸಿದ ಹೊಸ ಲೇಖನವನ್ನು ಒಪ್ಪುವ ಗೈಡ್, ಮೂಲವನ್ನು "ಔಟ್‌ಡೇಟೆಡ್" ಎಂದು ಹೊಡೆದು ಹಾಕುತ್ತಾರೆ!

ಹಳೆಯದನ್ನು ನೋಡದೇ ಬಿಟ್ಟರೆ ಹೆಚ್ಚೆಂದರೆ ಒಂದು ಕಳಪೆ ಅಧ್ಯಾಯ ಆದೀತು, ಯಾರ ಪ್ರಾಣ ಹೋಗುತ್ತದೆ ಎನ್ನುವವರಿದ್ದಾರೆ. ಹೋಗಿದೆ. 2001ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಆಸ್ತಮಾ ಕುರಿತ ಒಂದು ಪ್ರಯೋಗ ನಡೆದಿತ್ತು. ಪ್ರಯೋಗಕ್ಕೆ ಒಪ್ಪಿ ಬಂದ ಆರೋಗ್ಯವಂತ ಯುವತಿಗೆ, ಇಪ್ಪತ್ನಾಲ್ಕರ ವಯಸ್ಸು, ಹೆಕ್ಸಾಮೆಥೋನಿಯಂ ಎಂಬ ರಾಸಾಯನಿಕವನ್ನು ಉಸಿರಿನ ಮೂಲಕ ಕೊಡಲಾಯಿತು. ಅವಳ ಶ್ವಾಸಕೋಶ ಕೆಟ್ಟು, ಜೂನ್ ತಿಂಗಳಲ್ಲಿ ಸತ್ತಳು. ಸಂಶೋಧಕರು ಮೊದಲೇ ಪಬ್‌ಮೆಡ್‌ನಲ್ಲಿ ಹುಡುಕಿದ್ದರು. ಆಗ ಪಬ್‌ಮೆಡ್‌ನ ಹುಡುಕಾಟ ಹಿಂದಕ್ಕೆ ಹೋಗುತ್ತಿದ್ದದ್ದು 1966ರವರೆಗೆ ಮಾತ್ರ. ಆ ಔಷಧಿ ಶ್ವಾಸಕೋಶಕ್ಕೆ ಹಾನಿ ಮಾಡಬಲ್ಲದು ಎಂಬ ವರದಿಗಳು ಬಂದದ್ದು 1950ರ ದಶಕದಲ್ಲಿ. ಮುಂದಿನ ತಿಂಗಳು ಅಮೆರಿಕ ಸರ್ಕಾರ ಆ ಸಂಸ್ಥೆಯಲ್ಲಿ ತನ್ನ ದುಡ್ಡಿನಿಂದ ನಡೆಯುತ್ತಿದ್ದ ಮಾನವ ಪ್ರಯೋಗಗಳನ್ನೆಲ್ಲ ಹೆಚ್ಚು ಕಡಿಮೆ ನಿಲ್ಲಿಸಿಬಿಟ್ಟಿತು. ಆ ಸಂಶೋಧಕರಿಗೆ 1966ರ ಗೆರೆ ಯಂತ್ರವೇ ಹಾಕಿದ ಮಿತಿ. ಈಗ ಪಬ್‌ಮೆಡ್ ಎಂಬ ಅದೇ ಮಾಹಿತಿಕೋಶ 1940ರ ದಶಕದವರೆಗೂ ಹೋಗುತ್ತದೆ. ನಾವು ನಮ್ಮ ಕೈಯಾರೆ ಐದು ವರ್ಷಕ್ಕೆ ತಂದು ನಿಲ್ಲಿಸುತ್ತಿದ್ದೇವೆ.

ಎದುರು ವಾದದಲ್ಲಿ ಹುರುಳೇ ಇಲ್ಲ ಎನ್ನಲಾರೆ. ಚಿಕಿತ್ಸೆಯ ವಿಷಯಕ್ಕೆ ಬಂದರೆ ಹೊಸದು ಹಳೆಯದನ್ನು ನಿಜವಾಗಿಯೂ ಅಳಿಸುತ್ತದೆ. ಔಷಧಿಗೆ ಬಗ್ಗದ ಕ್ಷಯಕ್ಕೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರು ತಿಂಗಳ ಹೊಸ ಕ್ರಮವನ್ನು ಒಪ್ಪಿದ ಮೇಲೆ, ಹದಿನೈದು ವರ್ಷದ ಹಿಂದಿನ ಚುಚ್ಚುಮದ್ದಿನ ಕ್ರಮವನ್ನು ಶಿಫಾರಸಾಗಿ ಬರೆದರೆ ಪರೀಕ್ಷಕರು ನಗುತ್ತಾರೆ, ನಗಬೇಕು. ರಕ್ತಹೀನತೆ ಎಷ್ಟು ಶೇಕಡಾ ಎಂದು ಹೇಳುವಾಗ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬಿಟ್ಟು 1998–99ರದ್ದನ್ನು ಹಿಡಿದರೆ ಅದೂ ತಪ್ಪೇ. ಅಂಕಿಗಳಿಗೆ ವಯಸ್ಸಾಗುತ್ತದೆ. ಆದರೆ ಆ ನಿಯಮವನ್ನು ವಾರ್ಡಿನಿಂದ ಎತ್ತಿ ತಂದು ಹಳ್ಳಿಯ ಮೇಲೆ ಹೊರಿಸಿದ್ದೇ ಎಡವಟ್ಟು. ಕಾಯಿಲೆ ಹೇಗೆ ಹರಡುತ್ತದೆ, ಜನ ಯಾವಾಗ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ, ಹಿಂದಿನ ಕಾರ್ಯಕ್ರಮ ಯಾಕೆ ಕೆಟ್ಟಿತು ಎಂಬ ತಿಳಿವಳಿಕೆಗೆ ಔಷಧಿ ಶೀಶೆಯ ಹಾಗೆ ಅವಧಿ ಮುಗಿಯುವ ದಿನಾಂಕ ಇರುವುದಿಲ್ಲ.

ನಿಯಮ ಪಾಲಿಸುವವರೇ ಅದನ್ನು ಎಷ್ಟು ನಂಬಿದ್ದಾರೆ ಎಂಬುದನ್ನೂ ನೋಡಬಹುದು. ಅದೇ ಡಿಸರ್ಟೇಶನ್‌ನ ‘ಮೆಟೀರಿಯಲ್ಸ್ ಅಂಡ್ ಮೆಥಡ್ಸ್’ ಅಧ್ಯಾಯ ತೆರೆಯಿರಿ. ಕುಟುಂಬದ ಸಾಮಾಜಿಕ ಆರ್ಥಿಕ ದರ್ಜೆ ಅಳೆಯಲು ಬಿ.ಜಿ. ಪ್ರಸಾದ್ ವರ್ಗೀಕರಣ, ಅದು 1961ರದ್ದು. ಪಟ್ಟಣವಾದರೆ ಕುಪ್ಪುಸ್ವಾಮಿ ಮಾಪಕ, 1976ರದ್ದು. ಬೆಲೆ ಸೂಚ್ಯಂಕ ನೋಡಿ ಆದಾಯದ ಅಂಕಿಗಳನ್ನು ತಿದ್ದಿದ ಯಾವುದೋ ಇತ್ತೀಚಿನ ಎರಡು ಪುಟದ ಪತ್ರವನ್ನು ರೆಫರೆನ್ಸ್ ಪಟ್ಟಿಗೆ ಸೇರಿಸಿದರೆ ಮಡಿ ಉಳಿಯಿತು. ಮೂಲದಲ್ಲಿ ಆ ಐದು ದರ್ಜೆಗಳನ್ನು ಯಾವ ಲೆಕ್ಕದಲ್ಲಿ ಮಾಡಿದರು, ಅಂದಿನ ಕುಟುಂಬದ ಕಲ್ಪನೆ ಇಂದಿಗೆ ಹೊಂದುತ್ತದೆಯೇ ಎಂದು ಕೇಳುವವರಿಲ್ಲ.

ಹಾಗಾದರೆ ಆ ಐದು ವರ್ಷದೊಳಗಾದರೂ ಸರಿಯಾಗಿ ಹುಡುಕುತ್ತಾರೆಯೇ? ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕು. ನಮ್ಮಲ್ಲಿ ಬಹಳಷ್ಟು ಹುಡುಕಾಟದ ಗುರಿ ಜ್ಞಾನವಲ್ಲ, ಒಂದೇ ಒಂದು ಅಂಕಿ. ಸ್ಯಾಂಪಲ್ ಸೈಜ್ ಲೆಕ್ಕ ಹಾಕಲು ನಾಲ್ಕು ಪಿಕ್ಯೂ ಭಾಗಿಸು ಎಲ್ ವರ್ಗ ಎಂಬ ಸೂತ್ರವಿದೆಯಲ್ಲ, ಅದರ ‘ಪಿ’ ಬೇಕು. ಹಿಂದಿನ ಯಾವುದಾದರೂ ಅಧ್ಯಯನದಲ್ಲಿ ಆ ಸಮಸ್ಯೆ ನೂರಕ್ಕೆ ಎಷ್ಟು ಜನರಲ್ಲಿ ಕಂಡಿತ್ತು ಎಂಬುದೇ ‘ಪಿ’. ನೂರರಲ್ಲಿ ‘ಪಿ’ ಕಳೆದು ಉಳಿದದ್ದು ‘ಕ್ಯೂ’. ‘ಎಲ್’ ಎಂದರೆ ಅಂದಾಜಿನ ತಪ್ಪು, ಅದನ್ನು ‘ಪಿ’ಯ ಶೇಕಡಾ ಹತ್ತು ಎಂದು ಹಿಡಿಯುವುದು ವಾಡಿಕೆ. ಈಗ ಲೆಕ್ಕ ಮಾಡಿ. ಒಂದು ಲೇಖನ 20 ಶೇಕಡಾ ಎಂದರೆ 1600 ಜನರನ್ನು ಮಾತಾಡಿಸಬೇಕು. ಇನ್ನೊಂದು 50 ಎಂದರೆ 400. ಮತ್ತೊಂದು ಎಲ್ಲಿಂದಲೋ 80 ಎಂದರೆ ಬರೀ 100. ಮೂರು ಲೇಖನ ಸಿಕ್ಕ ವಿದ್ಯಾರ್ಥಿ, ಮೂರು ವರ್ಷದ ಕೋರ್ಸಿನಲ್ಲಿ ಪೋಸ್ಟಿಂಗ್, ಕ್ಯಾಂಪು, ರಾಷ್ಟ್ರೀಯ ದಿನಾಚರಣೆಗಳ ನಡುವೆ ಮನೆಮನೆ ಸುತ್ತಬೇಕಾದವನು, ಯಾವುದನ್ನು ಆರಿಸುತ್ತಾನೆ? ಆರಿಸಿದ ಮೇಲೆ ಉಳಿದೆರಡು ಲೇಖನಗಳು ಅವನ ರಿವ್ಯೂ ಅಧ್ಯಾಯದಿಂದಲೂ ಸದ್ದಿಲ್ಲದೆ ಮಾಯವಾಗುತ್ತವೆ. ವಿದ್ಯಾರ್ಥಿಯನ್ನು ಇಲ್ಲಿ ಬೈಯುವುದು ಸುಲಭ. ಕೋರ್ಸಿಗೆ ಸೇರಿದ ಕೆಲವೇ ತಿಂಗಳಲ್ಲಿ ಸಿನಾಪ್ಸಿಸ್ ಕೇಳುವ ವ್ಯವಸ್ಥೆ, ಹುಡುಕುವುದನ್ನು ಯಾರೂ ಕಲಿಸದ ವಿಭಾಗ, ಇವೆರಡರ ನಡುವೆ ಅವನು ಇನ್ನೇನು ಮಾಡಿಯಾನು?

ಉಳಿದದ್ದು ಅಧ್ಯಾಯ ತುಂಬಿಸುವ ಕೆಲಸ. ಇಂಥವರು ಇಂಥ ವರ್ಷ ಇಂಥ ಊರಿನಲ್ಲಿ ಇಷ್ಟು ಜನರ ಮೇಲೆ ಅಡ್ಡಕೊಯ್ತದ ಅಧ್ಯಯನ ಮಾಡಿದರು, ಇಷ್ಟು ಶೇಕಡಾ ಬಂತು. ಮುಂದಿನ ಪ್ಯಾರಾ, ಮತ್ತೊಬ್ಬರು, ಮತ್ತೊಂದು ಊರು, ಮತ್ತೊಂದು ಶೇಕಡಾ. ಎರಡು ಪ್ಯಾರಾಗಳು ಒಂದನ್ನೊಂದು ಮಾತಾಡಿಸುವುದೇ ಇಲ್ಲ. ಈಚೆಗೆ ಈ ಪ್ಯಾರಾಗಳನ್ನು ಚಾಟ್‌ಬಾಟ್‌ಗಳು ಬರೆದುಕೊಡುತ್ತಿವೆ, ಇಲ್ಲದ ಲೇಖನಕ್ಕೆ ಇರುವ ಪತ್ರಿಕೆಯ ಹೆಸರು ಹಚ್ಚಿ. ಆ ರೆಫರೆನ್ಸ್‌ಗಳನ್ನೂ ಐದು ವರ್ಷದೊಳಗೇ ಕೊಡು ಎಂದರೆ ಅವು ಚಾಚೂ ತಪ್ಪದೆ ಪಾಲಿಸುತ್ತವೆ.

ಹುಡುಕುವುದು ಒಂದು ಕಸುಬು ಎಂಬುದು ಅರ್ಥವಾಗಬೇಕಾದರೆ ಮಂಗನ ಕಾಯಿಲೆಯ ಮೇಲೆ ಡಿಸರ್ಟೇಶನ್ ಮಾಡಲು ಹೊರಟು ನೋಡಬೇಕು. ಮಲೆನಾಡಿನ ಹುಡುಗಿಯೊಬ್ಬಳು ‘ಶಿವಮೊಗ್ಗ’ ಎಂದು ಈಗಿನ ಸ್ಪೆಲಿಂಗ್‌ನಲ್ಲಿ ಟೈಪ್ ಮಾಡುತ್ತಾಳೆ ಎನ್ನಿ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾಯಿತು. ಅದಕ್ಕೂ ಹಿಂದಿನ ಲೇಖನಗಳೆಲ್ಲ ಹೆಚ್ಚಾಗಿ ‘ಶಿಮೋಗ’ ಎಂಬ ಹಳೆಯ ಸ್ಪೆಲಿಂಗ್‌ನಲ್ಲಿವೆ. ‘ಕರ್ನಾಟಕ’ ಎಂದು ಹಾಕಿದರೆ 1973ರ ಹಿಂದಿನವು ತಪ್ಪಿಹೋಗುತ್ತವೆ, ಅಲ್ಲಿ ರಾಜ್ಯದ ಹೆಸರು ಮೈಸೂರು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನ ಜ್ವರ ಹಿಡಿದು ಮಲಗಿದ್ದು 1957ರಲ್ಲಿ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಬರೆದ ಮೊದಲ ವರದಿಗಳೆಲ್ಲ ಆ ಹಳೆಯ ಹೆಸರಿನ ಕಾಲದವು. ಮೇಲಾಗಿ 1975ಕ್ಕೆ ಮುಂಚಿನ ಲೇಖನಗಳಿಗೆ ಪಬ್‌ಮೆಡ್‌ನಲ್ಲಿ ಸಾಮಾನ್ಯವಾಗಿ ಸಾರಾಂಶವೇ ಇಲ್ಲ. ಶೀರ್ಷಿಕೆಯಲ್ಲಿ ಇಲ್ಲದ ಪದ ಹಾಕಿದರೆ ಅವು ಎದುರಿಗೆ ಬರುವ ಭರವಸೆ ಇಲ್ಲ. ಮೇಲೆ ಹೇಳಿದ ಬೆಂಗಳೂರಿನ ಕ್ಷಯ ಅಧ್ಯಯನದ ಶೀರ್ಷಿಕೆ ತಿರುವಿ ನೋಡಿ, ದಕ್ಷಿಣ ಭಾರತದ ಗ್ರಾಮೀಣ ಜನತೆ ಎಂದಿದೆಯೇ ಹೊರತು ಬೆಂಗಳೂರೂ ಇಲ್ಲ, ಕರ್ನಾಟಕವೂ ಇಲ್ಲ. ಬೀಡಿ, ಗುಟ್ಕಾಗಳ ಮೇಲೆ ಕೆಲಸ ಮಾಡುವವರಿಗಂತೂ ಒಂದೊಂದು ಪದಕ್ಕೆ ಮೂರು ನಾಲ್ಕು ಸ್ಪೆಲಿಂಗ್. ಎಲ್ಲವನ್ನೂ ಬರೆದುಕೊಂಡು, ನಡುವೆ ‘ಆರ್’ (OR) ಹಾಕಿ, ಪ್ರತಿ ಕೋಶದ ವಿಷಯಸೂಚಿಯ ಪದಗಳನ್ನೂ ಸೇರಿಸಿ ಹುಡುಕಬೇಕು. ಒಳ್ಳೆಯ ಗ್ರಂಥಪಾಲಕರಿಗೆ ಇದು ಕರತಲಾಮಲಕ. ನಮ್ಮ ಕಾಲೇಜುಗಳಲ್ಲಿ ಅವರನ್ನು ಪುಸ್ತಕಕ್ಕೆ ಮುದ್ರೆ ಒತ್ತಲು, ನೋ ಡ್ಯೂ ಸರ್ಟಿಫಿಕೇಟಿಗೆ ಸಹಿ ಹಾಕಲು ಕೂರಿಸಿದ್ದೇವೆ.

ಮಂಗನ ಕಾಯಿಲೆಯ ವಿಷಯದಲ್ಲಿ ಬೇಲಿಯಾಚೆ ಉಳಿಯುವುದೇನು ಎಂಬುದನ್ನೂ ಹೇಳಬೇಕು. ದನ ಮೇಯಿಸುವುದಕ್ಕೂ, ಕಾಡು ಹರಿದು ಹಂಚಿಹೋಗುವುದಕ್ಕೂ, ಉಣ್ಣೆಗಳ ಸಂಖ್ಯೆಗೂ ಇರುವ ನಂಟನ್ನು ಹೋರ್ಹೆ ಬೊಶೆಲ್ 1969ರಲ್ಲೇ ಬಿಡಿಸಿ ಬರೆದಿದ್ದರು. 1980ರ ದಶಕದಲ್ಲಿ ಕಾಯಿಲೆ ಘಟ್ಟ ಇಳಿದು ದಕ್ಷಿಣ ಕನ್ನಡಕ್ಕೆ ಬಂದಾಗ ಕಾಡು ಕಡಿದು ಗೇರು ನೆಟ್ಟದ್ದಕ್ಕೂ ಅದಕ್ಕೂ ಏನು ಸಂಬಂಧ, ಆ ಸಾವುಗಳನ್ನು ಅಲ್ಲಿನ ಜನ ಹೇಗೆ ಅರ್ಥ ಮಾಡಿಕೊಂಡರು ಎಂಬುದನ್ನು ಮಾರ್ಕ್ ನಿಕ್ಟರ್ 1987ರಲ್ಲಿ ಬರೆದರು. ಅದು ಪ್ರಕಟವಾದದ್ದು ಮಾನವಶಾಸ್ತ್ರದ ಪತ್ರಿಕೆಯಲ್ಲಿ. ವೈದ್ಯಕೀಯ ಪತ್ರಿಕೆಗಳ ಆಚೆ ಕಣ್ಣು ಹಾಯಿಸದ ವಿದ್ಯಾರ್ಥಿಗೆ ಅದು ಸಿಗುವುದು ಅದೃಷ್ಟದ ಮಾತು. ಲಸಿಕೆಯ ಬಗ್ಗೆ ಬರೆಯುವವರಿಗೆ 2013ರಲ್ಲಿ ಪ್ರಕಟವಾದ ಕರ್ನಾಟಕದ ಅಧ್ಯಯನ ಬೇಕೇ ಬೇಕು. 2005ರಿಂದ 2010ರವರೆಗಿನ ಮಾಹಿತಿ ಹಿಡಿದು, ಎರಡು ಡೋಸ್ ಪಡೆದವರಲ್ಲಿ ಲಸಿಕೆಯ ಪರಿಣಾಮ ಸುಮಾರು 62 ಶೇಕಡಾ, ಬೂಸ್ಟರನ್ನೂ ಪಡೆದವರಲ್ಲಿ ಸುಮಾರು 83 ಎಂದು ಅದು ತೋರಿಸಿತು. ಆಮೇಲೆ ಆ ಲಸಿಕೆಯನ್ನೇ ನಿಲ್ಲಿಸಿ ಹೊಸದರ ತಯಾರಿ ನಡೆದಿದೆ. ಹೊಸ ಲಸಿಕೆಗೆ ಜನ ತೋಳು ಒಡ್ಡುತ್ತಾರೆಯೇ ಎಂದು ನಾಳೆ ಅಧ್ಯಯನ ಮಾಡುವವರು, ಹಳೆಯದಕ್ಕೆ ಹಲವರು ಯಾಕೆ ಒಡ್ಡಲಿಲ್ಲ ಎಂಬುದನ್ನು ಓದದೆ ಏನು ಪ್ರಶ್ನೆ ಕೇಳಿಯಾರು?

ಯಾವ ಪತ್ರಿಕೆಯಲ್ಲೂ ಬಾರದೆ ಉಳಿದದ್ದು ಇನ್ನೂ ಬೇರೆ. ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ ರಾಜ್ಯದ ಆರೋಗ್ಯ ವ್ಯವಸ್ಥೆಯನ್ನು ಅಳೆದು ತೂಗಿ 2001ರಲ್ಲಿ ಕೊಟ್ಟ ವರದಿ, ಮರುವರ್ಷ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ, ಇವು ಪಬ್‌ಮೆಡ್‌ನಲ್ಲಿ ಇಲ್ಲ, ಇರಬೇಕಾದವೂ ಅಲ್ಲ. ಯಾದಗಿರಿಯಲ್ಲಿ ತಾಯಿ ಮರಣದ ಬಗ್ಗೆ ಬರೆಯುವವರು ಈ ಎರಡನ್ನೂ ಓದದೆ ಚರ್ಚೆಯ ಅಧ್ಯಾಯ ಬರೆದರೆ ಅದು ಯಾವ ರಾಜ್ಯದ ಚರ್ಚೆಯೋ ಗೊತ್ತಾಗುವುದಿಲ್ಲ. ಇನ್ನು ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಇದೆ. ಅದನ್ನೂ ಬಿಡಿ, ತಮ್ಮದೇ ವಿಭಾಗದ ಗಾಜಿನ ಬೀರುವಿನಲ್ಲಿ, ರೆಕ್ಸಿನ್ ಹೊದಿಕೆಯ ಬೆನ್ನಿಗೆ ಬಂಗಾರದ ಅಕ್ಷರ ಹಚ್ಚಿಕೊಂಡು ಸಾಲಾಗಿ ನಿಂತ ಹಿರಿಯರ ಡಿಸರ್ಟೇಶನ್‌ಗಳನ್ನು ತೆಗೆದವರೆಷ್ಟು? ಅದೇ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ, ಅದೇ ಹಳ್ಳಿಗಳಲ್ಲಿ, ಅದೇ ಪ್ರಶ್ನೆಯನ್ನು ಹತ್ತು ವರ್ಷದ ಹಿಂದೆ ಕೇಳಿ ಉತ್ತರ ಬರೆದಿಟ್ಟಿರುತ್ತಾರೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ್ದರೆ ಏನು ಬದಲಾಗಿದೆ ಎಂದು ಹೇಳಬಹುದಿತ್ತು. ಅಡ್ಡಕೊಯ್ತದ ಸಾವಿರ ಅಧ್ಯಯನಗಳಿಗೆ ಸಿಗದ ಭಾಗ್ಯ ಅದು.

"ನಮಗೆ ಜರ್ನಲ್ ಎಲ್ಲಿ ಸಿಗುತ್ತವೆ, ದುಡ್ಡು ಕೇಳುತ್ತವೆ" ಎಂಬ ನೆಪವೊಂದಿದೆ. ಅರ್ಧ ನಿಜ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಕೊಟ್ಟು ಮೂವತ್ತು ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ತೆರೆದಿದೆ, ಆದರೆ ಸರ್ಕಾರಿ ಸಂಸ್ಥೆಗಳಿಗೆ. ಖಾಸಗಿ ವೈದ್ಯಕೀಯ ಕಾಲೇಜುಗಳೇ ತುಂಬಿರುವ ಕರ್ನಾಟಕದಲ್ಲಿ ಬಹಳಷ್ಟು ವಿದ್ಯಾರ್ಥಿಗಳು ಹೊರಗೇ ಉಳಿದರು. ಅದರ ಬಗ್ಗೆ ಜಗಳ ಆಡಬೇಕಾದದ್ದೇ. ಆದರೆ ಬೀಗ ಇರುವುದು ಬಹುಪಾಲು ಹೊಸ ಲೇಖನಗಳಿಗೆ. 1866ರಿಂದ 1955ರವರೆಗಿನ ಇಂಡಿಯನ್ ಮೆಡಿಕಲ್ ಗೆಜೆಟ್ ಪೂರ್ತಿಯಾಗಿ ಬಿಟ್ಟಿ ಓದಲು ಸಿಗುತ್ತದೆ. ನೆಲ್ಲೂರು ಜಿಲ್ಲೆಯ ಬಾವಿ ನೀರಿನ ಫ್ಲೋರೈಡ್ ಜನರ ಬೆನ್ನುಮೂಳೆಯನ್ನು ಹೇಗೆ ಬಿಗಿಸುತ್ತಿದೆ ಎಂದು ಶಾರ್ಟ್ ಮತ್ತು ಅವರ ಜೊತೆಗಾರರು ಅದರಲ್ಲೇ ಬರೆದದ್ದು 1937ರಲ್ಲಿ. ಕೋಲಾರದಲ್ಲೋ ಪಾವಗಡದಲ್ಲೋ ಫ್ಲೋರೋಸಿಸ್ ಮೇಲೆ ಡಿಸರ್ಟೇಶನ್ ಮಾಡುವವರಿಗೆ ಅದನ್ನು ಓದಲು ಬೇಕಿರುವುದು ಇಂಟರ್ನೆಟ್ ಮತ್ತು ಒಂದು ಮಧ್ಯಾಹ್ನ. ದುಡ್ಡಿಲ್ಲದವರಿಗೆ ಬಿಟ್ಟಿ ಇರುವುದನ್ನು ನಿಷೇಧಿಸಿ, ಬೀಗ ಹಾಕಿದ್ದನ್ನೇ ತನ್ನಿ ಎನ್ನುವ ನಿಯಮವನ್ನು ಯಾರು ಬಡವರ ಪರ ಎಂದಾರು?

ಇದನ್ನು ಬದಲಾಯಿಸಲು ಹೊಸ ಸುತ್ತೋಲೆ ಬೇಕಿಲ್ಲ. ಯಾವ ಪದಗಳನ್ನು ಹಾಕಿ, ಯಾವ ಕೋಶದಲ್ಲಿ, ಯಾವ ದಿನ ಹುಡುಕಿದಿರಿ, ಸಿಕ್ಕದ್ದರಲ್ಲಿ ಯಾವುದನ್ನು ಬಿಟ್ಟಿರಿ, ಯಾಕೆ ಎಂಬ ಅರ್ಧ ಪುಟವನ್ನು ಸಿನಾಪ್ಸಿಸ್ ಜೊತೆ ಕೇಳಿದರೆ ಸಾಕು. ‘ಪಿ’ ಎಲ್ಲಿಂದ ಬಂತು ಎಂಬುದರ ಜೊತೆಗೆ ಬೇರೆ ‘ಪಿ’ಗಳು ಯಾಕೆ ಬರಲಿಲ್ಲ ಎಂದೂ ಬರೆಸಬೇಕು. ವೈವಾದಲ್ಲಿ ಪರೀಕ್ಷಕರು ರೆಫರೆನ್ಸ್ ಪಟ್ಟಿಯ ಇಸವಿಗಳ ಮೇಲೆ ಬೆರಳಾಡಿಸುವುದನ್ನು ಬಿಟ್ಟು, ಪಟ್ಟಿಯಲ್ಲಿರುವ ಅತಿ ಹಳೆಯ ಲೇಖನವನ್ನು ತೋರಿಸಿ ಅದರಲ್ಲಿ ಏನಿದೆ ಎಂದು ಕೇಳಲಿ. ವಿದ್ಯಾರ್ಥಿಗಳಿಗೂ ಒಂದು ಮಾತು. ನಿಮ್ಮ 1963ರ ರೆಫರೆನ್ಸ್ ಮೇಲೆ ಗೈಡ್ ಕೆಂಪು ಗೆರೆ ಎಳೆದರೆ ಕರಡನ್ನು ಸುಮ್ಮನೆ ವಾಪಸ್ ತರಬೇಡಿ. "ಇದನ್ನು ಸುಳ್ಳು ಮಾಡಿದ ಹೊಸ ಅಧ್ಯಯನ ಯಾವುದು ಹೇಳಿ ಸರ್, ಅದನ್ನೇ ಹಾಕ್ತೀನಿ" ಎಂದು ಕೇಳಿ.